ತಲೆಬರಹದ ಆಚೆಗಿನ ಪಾಠ



2025ರ ನವೆಂಬರ್ 5ರಂದು ಇಂಗ್ಲೆಂಡಿನ ಶಾಲಾ ಪಠ್ಯಕ್ರಮವನ್ನು ಕುರಿತ ಪರಿಶೀಲನಾ ವರದಿ ಹೊರಬಂದಿತು. ಪ್ರೊಫೆಸರ್ ಬೆಕಿ ಫ್ರಾನ್ಸಿಸ್ ಅವರ ನೇತೃತ್ವದ ಸಮಿತಿಯು, ಪ್ರೌಢಶಾಲೆಗಳಲ್ಲಿ 2002ರಿಂದ ಕಡ್ಡಾಯವಾಗಿರುವ ಪೌರತ್ವ ಶಿಕ್ಷಣವನ್ನು ಪ್ರಾಥಮಿಕ ಶಾಲೆಗಳಿಗೂ ವಿಸ್ತರಿಸಬೇಕೆಂದು ಶಿಫಾರಸು ಮಾಡಿತು; ಸರ್ಕಾರವೂ ಅದನ್ನು ಒಪ್ಪಿತು. ನಾನು ಓದಿದ ಸುದ್ದಿಗಳ ತಲೆಬರಹಗಳಲ್ಲಿ ಎದ್ದು ಕಂಡದ್ದು ಸುಳ್ಳುಸುದ್ದಿಯನ್ನು ಗುರುತಿಸುವ ಪಾಠ, ಮನೆಸಾಲದ ಪಾಠ ಮತ್ತು ಪರೀಕ್ಷಾ ಅವಧಿಯ ಕಡಿತ. ಪ್ರಜಾಪ್ರಭುತ್ವ, ಕಾನೂನು, ಹಕ್ಕುಗಳ ವಿಷಯ ತಿಳಿಯಲು ಬಹಳ ಕೆಳಗಿನ ಸಾಲುಗಳವರೆಗೆ ಓದಬೇಕಾಯಿತು. ಸಂಜೆಯ ವೇಳೆಗೆ ನಮ್ಮ ವಾಟ್ಸಾಪ್ ಬಳಗದಲ್ಲಿ ಪರಿಚಿತ ಪ್ರಶ್ನೆಯೊಂದು ಕಾಣಿಸಿಕೊಂಡಿತು: "ಇನ್ನು ನಮ್ಮ ಮಕ್ಕಳಿಗೆ ಏನೇನು ಕಲಿಸುತ್ತಾರೋ!"

ಈ ಬಾರಿ ನಾನು ಏನನ್ನೂ ರವಾನಿಸಲಿಲ್ಲ. ಅದಕ್ಕೆ ಕಾರಣ 2019ರಲ್ಲಿ ನಾನೇ ಮಾಡಿದ ಒಂದು ತಪ್ಪು.

ಆ ವರ್ಷ ಬರ್ಮಿಂಗ್‌ಹ್ಯಾಮಿನ ಕೆಲವು ಪ್ರಾಥಮಿಕ ಶಾಲೆಗಳ ಮುಂದೆ ಪೋಷಕರ ಪ್ರತಿಭಟನೆ ನಡೆಯುತ್ತಿತ್ತು. 'ಸಂಬಂಧಗಳ ಶಿಕ್ಷಣ'ವು 2020ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಎಲ್ಲ ಪ್ರಾಥಮಿಕ ಶಾಲೆಗಳಲ್ಲಿ ಕಡ್ಡಾಯವಾಗಲಿತ್ತು. ನನ್ನ ಮಗಳಿಗೆ ಆಗ ಎಂಟು ವರ್ಷ. ಫಲಕಗಳನ್ನು ಹಿಡಿದು ಕೂಗುತ್ತಿದ್ದವರ ಚಿತ್ರವೊಂದನ್ನು, ಅದರ ಕೆಳಗಿದ್ದ ಆತಂಕದ ಬರಹದೊಡನೆ, ರಾತ್ರಿ ಪಾಳಿಯ ನಡುವೆ ಬಳಗಕ್ಕೆ ಕಳುಹಿಸಿದೆ. "ಡಾಕ್ಟರೇ ಕಳುಹಿಸಿದ್ದಾರೆ ಎಂದ ಮೇಲೆ ನಿಜವೇ ಇರಬೇಕು" ಎಂದು ನಂಬಿದ ಒಂದು ಕುಟುಂಬವು ಮರುದಿನ ಮಗುವನ್ನು ಶಾಲೆಗೆ ಕಳುಹಿಸಲಿಲ್ಲ. ಅಂದು ತರಗತಿಯವರೆಲ್ಲ ಪ್ರವಾಸಕ್ಕೆ ಹೋದರು. ಆ ಮಗು ಮನೆಯಲ್ಲಿ ಅಳುತ್ತ ಕುಳಿತಿತ್ತೆಂದು ನನಗೆ ಆಮೇಲೆ ತಿಳಿಯಿತು.

ನಮ್ಮ ಸಂಘದ ಸದಸ್ಯರೂ ಶಿಕ್ಷಕಿಯೂ ಆದ ಹಿರಿಯರೊಬ್ಬರು ಕರೆ ಮಾಡಿ ಒಂದೇ ಮಾತು ಕೇಳಿದರು: "ಡಾಕ್ಟ್ರೇ, ಆ ಮಾರ್ಗಸೂಚಿಯನ್ನು ನೀವು ಓದಿದ್ದೀರಾ?"

ಓದಿರಲಿಲ್ಲ. ಔಷಧವೊಂದರ ಬಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನಷ್ಟೇ ನೋಡಿ, ಮೂಲ ಅಧ್ಯಯನವನ್ನು ತೆರೆಯದೆ ಯಾವ ರೋಗಿಗೂ ನಾನು ಸಲಹೆ ಕೊಟ್ಟವನಲ್ಲ. ಮಕ್ಕಳ ಶಿಕ್ಷಣದ ವಿಷಯದಲ್ಲಿ ಮಾತ್ರ ಆ ಶಿಸ್ತನ್ನು ಮರೆತಿದ್ದೆ.

ಅಂದು ರಾತ್ರಿಯೇ ಓದಿದೆ. ಪ್ರಾಥಮಿಕ ಹಂತದ ಪಾಠಗಳು ಕುಟುಂಬ, ಗೆಳೆತನ, ಪರಸ್ಪರ ಗೌರವ, ಅಂತರ್ಜಾಲದ ಒಡನಾಟ, ಸುರಕ್ಷತೆ ಎಂಬ ಐದು ಭಾಗಗಳಲ್ಲಿದ್ದವು. ತನಗೆ ಯಾರಾದರೂ ತೊಂದರೆ ಕೊಟ್ಟರೆ ಅದನ್ನು ಹೇಳುವ ಪದಗಳೂ ಧೈರ್ಯವೂ ಮಗುವಿಗೆ ಇರಬೇಕೆಂಬ ಆಶಯ ಅಲ್ಲಿತ್ತು. ಆ ಮಾತಿನ ಮುಂದೆ ನಾನು ಬಹಳ ಹೊತ್ತು ನಿಂತೆ. ನೋವು ಎಲ್ಲಿದೆ ಎಂದು ಹೇಳಲು ಪದವಿಲ್ಲದೆ ತಲೆ ತಗ್ಗಿಸಿ ಕುಳಿತ ಮಕ್ಕಳನ್ನು ನಾನು ನೋಡಿದ್ದೇನೆ. ನಾನೂ ಅಂಥ ಮಗುವೇ ಆಗಿದ್ದೆ. ದೇಹದ ಎಲ್ಲ ಅಂಗಗಳ ಹೆಸರನ್ನು ಸಂಕೋಚವಿಲ್ಲದೆ ಉಚ್ಚರಿಸಲು ನನಗೆ ಎಂಬಿಬಿಎಸ್ ತರಗತಿಯವರೆಗೆ ಕಾಯಬೇಕಾಯಿತು.

ಪೋಷಕರ ಕಳವಳವೆಲ್ಲ ನಿರಾಧಾರವೆಂದು ಇದರ ಅರ್ಥವಲ್ಲ. ಯಾವುದನ್ನು ಯಾವ ವಯಸ್ಸಿನಲ್ಲಿ ಕಲಿಸಬೇಕೆಂಬ ಬಗ್ಗೆ ನನಗೂ ಪ್ರಶ್ನೆಗಳಿವೆ. ಆದರೆ ಅವುಗಳನ್ನು ಕೇಳಲು ದಾರಿಯೂ ಇದೆ. ಶಾಲೆಯು ಈ ಕುರಿತ ತನ್ನ ನೀತಿಯನ್ನು ರೂಪಿಸುವಾಗ ಪೋಷಕರೊಡನೆ ಸಮಾಲೋಚಿಸಬೇಕು, ಅದನ್ನು ತನ್ನ ಜಾಲತಾಣದಲ್ಲಿ ಪ್ರಕಟಿಸಬೇಕು. ನನ್ನ ಮಗಳ ಶಾಲೆ ಕರೆದ ಸಭೆಗೆ ನಮ್ಮವರಲ್ಲಿ ಹೋದವರು ಇಬ್ಬರೇ. ಪತ್ರಿಕೆಗಳು ಸುಳ್ಳು ಬರೆದಿರಲಿಲ್ಲ. ಶಾಲೆಯ ಗೇಟಿನ ಹೊರಗೆ ಕಂಡದ್ದನ್ನು ಬರೆದಿದ್ದವು. ಒಳಗಿನ ತರಗತಿಯ ವಿಷಯವನ್ನು ವಿಚಾರಿಸಿ ತಿಳಿಯುವ ಹೊಣೆ ನನ್ನದಾಗಿತ್ತು. ಬಳಗದಲ್ಲಿ ಕ್ಷಮೆ ಕೇಳಿದೆ, ಆ ಮಗುವಿನ ಮನೆಗೂ ಹೋಗಿ ಬಂದೆ.

ಈಗ ಪೌರತ್ವ ಶಿಕ್ಷಣದ ಸರದಿ. ಹೊಸ ಪಠ್ಯಕ್ರಮವು 2028ರ ಸೆಪ್ಟೆಂಬರ್‌ನಿಂದ ತರಗತಿಗಳಿಗೆ ಬರಲಿದೆ. ಮತದಾನದ ವಯಸ್ಸನ್ನು 16ಕ್ಕೆ ಇಳಿಸುವ ನಿರ್ಧಾರವನ್ನೂ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿದೆ. ಇಲ್ಲಿ ನೆಲೆಸಿರುವ ಭಾರತೀಯ ಪೌರರಿಗೂ ಕಾಮನ್‌ವೆಲ್ತ್ ಪ್ರಜೆಗಳೆಂಬ ನೆಲೆಯಲ್ಲಿ ಈ ದೇಶದ ಚುನಾವಣೆಗಳಲ್ಲಿ ಮತ ಹಾಕುವ ಹಕ್ಕಿದೆ. ಅದು ನಮ್ಮಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ. ಪೌರತ್ವದ ಪಾಠ ಮಕ್ಕಳಿಗಷ್ಟೇ ಬೇಕಾದುದಲ್ಲ.

ಸಮಿತಿಯ ವರದಿಯ ಪೌರತ್ವದ ಭಾಗವನ್ನು ನಾನು ಓದಿ, ಕನ್ನಡದಲ್ಲಿ ಎರಡು ಪುಟಗಳ ಟಿಪ್ಪಣಿ ಮಾಡಿಟ್ಟುಕೊಂಡಿದ್ದೇನೆ. ಶನಿವಾರದ ಕನ್ನಡ ತರಗತಿ ಮುಗಿದ ಮೇಲೆ, ಮಕ್ಕಳು ಆಡುತ್ತಿರುವಾಗ, ಆಸಕ್ತರು ಜೊತೆಯಲ್ಲಿ ಕುಳಿತು ಓದೋಣ. ಒಪ್ಪದ ಮಾತುಗಳಿದ್ದರೆ ಗುರುತು ಹಾಕಿಕೊಳ್ಳೋಣ. ಶಾಲೆಯವರು ಸಭೆ ಕರೆದಾಗ ಹೋಗಿ ಕೇಳೋಣ. ಅಲ್ಲಿಯವರೆಗೆ, ಯಾವ ಡಾಕ್ಟರು ಕಳುಹಿಸಿದ ಸುದ್ದಿಯಾದರೂ ಸರಿ, ಓದದೆ ಮುಂದಕ್ಕೆ ಕಳುಹಿಸಬೇಡಿರೆಂದು ವಿನಂತಿ.