ಹೆಬ್ಬೆಟ್ಟಿನ ಗುರುತು

ನಮ್ಮ ಕಮಲನಗರದಿಂದ ಉದಗೀರಕ್ಕೆ ಹೋಗುವಾಗ ರಾಜ್ಯದ ಗಡಿ ದಾಟಿದ್ದೇ ತಿಳಿಯುವುದಿಲ್ಲ. 1956ರವರೆಗೆ ಅದೂ ಬೀದರ ಜಿಲ್ಲೆಯೇ ಆಗಿತ್ತು.

ದೇಶದ ಗಡಿಯ ಮಾತು ಬೇರೆ. ಮಗನನ್ನು ಕಾಣಲು ನಾವಿಬ್ಬರೂ ಅಮೆರಿಕಕ್ಕೆ ಹೋಗಿದ್ದೆವು. 2004ರಲ್ಲಿ ಎರಡು ಬೆರಳುಗಳಿಂದ ಆರಂಭಿಸಿದ ಆ ದೇಶ, ಮುಂದೆ ಹತ್ತೂ ಬೆರಳುಗಳ ಅಚ್ಚು ಪಡೆಯತೊಡಗಿತು. ನನ್ನ ಬೆರಳುಗಳನ್ನು ಯಂತ್ರ ಕೂಡಲೇ ಗುರುತಿಸಿತು; ನನ್ನಾಕೆಯ ಬೆರಳುಗಳನ್ನು ಗುರುತಿಸಲಿಲ್ಲ. ನಲವತ್ತು ವರ್ಷ ಜೋಳದ ರೊಟ್ಟಿ ಬಡಿದು, ಪಾತ್ರೆ ತಿಕ್ಕಿ ಗೆರೆಗಳೇ ಸವೆದಿದ್ದವು. “ನಂದೇನು ತಪ್ಪಾಯ್ತುರೀ?” ಎಂದಳು. ಅಧಿಕಾರಿ ಮತ್ತೆ ಮತ್ತೆ ಬೆರಳು ಒತ್ತಿಸಿ, ಕೊನೆಗೆ ಪಾಸ್‌ಪೋರ್ಟಿನ ಚಿತ್ರವನ್ನೂ ಆಕೆಯ ಮುಖವನ್ನೂ ನೋಡಿ ಒಳಗೆ ಬಿಟ್ಟನು.

ಸಾಕ್ಷರತಾ ಆಂದೋಲನದ ದಿನಗಳಲ್ಲಿ, ಹೆಬ್ಬೆಟ್ಟು ಒತ್ತುವುದು ಅವಮಾನವೆಂದು ಹೇಳಿ ಹಿರಿಯರಿಗೆ ಸಹಿ ಕಲಿಸಿದವನು ನಾನು. ಇಂದು ಓದಿದವರೂ ಬೆರಳು ಒತ್ತುತ್ತಾರೆ. 2025ರ ಜನವರಿಯಲ್ಲಿ ನಮಗೆ ಸಮೀಪದ ಹೈದರಾಬಾದ್ ವಿಮಾನ ನಿಲ್ದಾಣಕ್ಕೂ ಇಂಥ ದ್ವಾರಗಳು ಬಂದವು. ಮೊದಲೇ ಬೆರಳಚ್ಚು, ಮುಖಚಿತ್ರ ಕೊಟ್ಟು ನೋಂದಾಯಿಸಿಕೊಂಡವರಿಗೆ ಸಾಲಿನಲ್ಲಿ ಕಾಯುವ ಕಷ್ಟ ತಪ್ಪಿತು. ಒಬ್ಬರ ಪಾಸ್‌ಪೋರ್ಟಿನಲ್ಲಿ ಇನ್ನೊಬ್ಬರು ನುಸುಳುವುದನ್ನು ತಡೆಯಲು ಇದು ಬೇಕು, ಒಪ್ಪುತ್ತೇನೆ. ಆದರೆ ದುಡಿದು ಸವೆದ ಬೆರಳುಗಳಿಗಾಗಿ, ಮುಖ ನೋಡಿ ಗುರುತಿಸುವ ಮನುಷ್ಯನೊಬ್ಬ ಅಲ್ಲಿ ಕುಳಿತಿರಲೇಬೇಕು.