ಹಿಂದಿರುಗುವ ವಿವೇಕ

ಸಂಕಲ್ಪಕ್ಕೂ ಹಠಕ್ಕೂ ಇರುವ ಅಂತರವು ನಿತ್ಯದ ಬದುಕಿನಲ್ಲಿ ಸುಲಭವಾಗಿ ಗೋಚರಿಸುವುದಿಲ್ಲ. ದಾರಿ ದುರ್ಗಮವಾದಾಗ ಅದು ತಾನಾಗಿ ತಿಳಿದುಬರುತ್ತದೆ. ಮನಾಲಿಯಿಂದ ಲೇಹ್‌ಗೆ ಸೈಕಲ್ಲಿನಲ್ಲಿ ಹೊರಟ ನನ್ನ ಸೋದರಳಿಯನ ಅನುಭವವನ್ನು ಕೇಳಿದ ಮೇಲೆ ಈ ವಿಚಾರವು ನನ್ನ ಮನಸ್ಸಿನಲ್ಲಿ ಬಹುಕಾಲ ಉಳಿಯಿತು.

ರೋಹ್ತಾಂಗ್ ಮಾರ್ಗವಾಗಿ ಸುಮಾರು 470 ಕಿಲೋಮೀಟರ್ ಉದ್ದದ ಈ ಹಾದಿಯು ಚಳಿಗಾಲದಲ್ಲಿ ಹಿಮದಿಂದ ಮುಚ್ಚಿಹೋಗುತ್ತದೆ. ಬಾರಾಲಾಚಾ ಕಣಿವೆಮಾರ್ಗವು ಸುಮಾರು 4,900 ಮೀಟರ್ ಎತ್ತರದಲ್ಲಿದೆ. ತಂಗ್ಲಂಗ್ 5,300 ಮೀಟರಿಗೂ ಮಿಗಿಲು. ಅಲ್ಲಿ ಒಂದು ಉಸಿರಿಗೆ ದೊರೆಯುವ ಆಮ್ಲಜನಕವು ಸಮುದ್ರಮಟ್ಟದಲ್ಲಿ ದೊರೆಯುವುದರ ಅರ್ಧದಷ್ಟು ಮಾತ್ರ. ಮುಂಜಾನೆ ಪಾದ ನೆನೆಯುವಷ್ಟಿದ್ದ ಹಳ್ಳವು, ಬಿಸಿಲಿಗೆ ಹಿಮ ಕರಗಿದಂತೆ, ಮಧ್ಯಾಹ್ನಕ್ಕೆ ಉಕ್ಕಿ ಹರಿಯುತ್ತದೆ. ಬಲ್ಲವರು ಬೆಳಗಿನಲ್ಲಿಯೇ ದಾಟುತ್ತಾರೆ.

3,000 ಮೀಟರಿನ ಮೇಲೆ, ರಾತ್ರಿ ತಂಗುವ ತಾಣದ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದೆಂದೂ, ಮೂರು ನಾಲ್ಕು ದಿನಗಳಿಗೊಮ್ಮೆ ವಿಶ್ರಾಂತಿ ಪಡೆಯಬೇಕೆಂದೂ ವೈದ್ಯರ ಸಲಹೆಯಿದೆ. ಆದರೆ ದಾರ್ಚಾದಿಂದ ಜಿಂಗ್‌ಜಿಂಗ್‌ಬಾರ್‌ಗೆ ಸುಮಾರು 900 ಮೀಟರ್ ಏರಿಕೆ. ನಮ್ಮ ಹುಡುಗನೂ ಅವನ ಗೆಳೆಯನೂ ಅದನ್ನು ಒಂದೇ ದಿನದಲ್ಲಿ ಏರಿದರು. ಆ ರಾತ್ರಿ ಗೆಳೆಯನಿಗೆ ತಲೆನೋವು, ವಾಂತಿ. ಬೆಳಗಾದಾಗ ಅವನೇ, "ಬಾರಾಲಾಚಾ ಒಂದನ್ನು ದಾಟಿಬಿಟ್ಟರೆ ಸರ್ಚುವರೆಗೆ ಇಳಿಜಾರೇ ತಾನೆ, ನಡೆ" ಎಂದನಂತೆ.

ಇಲ್ಲಿಯೇ ಮೋಸವಿರುವುದು. ಸರ್ಚು ಬಯಲು ಕೂಡ ಸುಮಾರು 4,290 ಮೀಟರ್ ಎತ್ತರದಲ್ಲಿದೆ. ಅದರ ಈಚೆಗೆ ಬಾರಾಲಾಚಾ. ಆಚೆಗೆ 5,000 ಮೀಟರನ್ನು ಮೀರಿದ ಲಾಚುಂಗ್. ರೋಗ ಉಲ್ಬಣಿಸಿದರೆ ಇರುವ ಮುಖ್ಯ ಪರಿಹಾರ ತಗ್ಗಿಗೆ ಇಳಿಯುವುದು; ಸರ್ಚುವಿನಿಂದಲಾದರೋ ರಸ್ತೆಯಲ್ಲಿ ತಗ್ಗಿಗೆ ಇಳಿಯಲು ಮೊದಲು ಮೇಲಕ್ಕೆ ಏರಬೇಕು! ಹಿಂದಿರುಗುವ ನಿರ್ಧಾರವನ್ನು ಕೈಗೊಳ್ಳಬೇಕಾದ ಸ್ಥಳವು ಬಾರಾಲಾಚಾದ ಈಚೆಗೇ ಇದೆ. ಸೋದರಳಿಯನು ಸೈಕಲ್ಲುಗಳನ್ನು ಲಾರಿಯೊಂದಕ್ಕೆ ಏರಿಸಿ, ಗೆಳೆಯನನ್ನು ಕೇಲಾಂಗಿಗೆ ಇಳಿಸಿದನು. ಮರುದಿನ ಗೆಳೆಯನು ಗಂಜಿ ಕುಡಿದು ಎದ್ದು ಕುಳಿತನು.

ನಲವತ್ತು ವರ್ಷಗಳ ವ್ಯಾಪಾರದಲ್ಲಿ, "ಇಷ್ಟು ದೂರ ಬಂದಾಯಿತಲ್ಲ" ಎಂಬ ಒಂದೇ ಮಾತಿನಿಂದ ಕೆಟ್ಟವರನ್ನು ನಾನು ಕಂಡಿದ್ದೇನೆ. ಕೊಟ್ಟ ಮುಂಗಡ ವ್ಯರ್ಥವಾಗಬಾರದೆಂದು ಮತ್ತೆ ಸಾಲ ಮಾಡಿ ಹಣ ಸುರಿಯುತ್ತಾರೆ. ಆದ ಖರ್ಚು ಖಾತೆಪುಸ್ತಕವನ್ನು ಸೇರಿಯಾಯಿತು. ಮುಂದಿನ ಹೆಜ್ಜೆಯನ್ನು ಇಡಬೇಕೇ ಬೇಡವೇ ಎಂಬುದನ್ನು ಮುಂದಿನ ದಾರಿಯನ್ನು ನೋಡಿಯೇ ನಿಶ್ಚಯಿಸಬೇಕು. ಜೊತೆಗಾರನ ಪ್ರಾಣವೂ ಪಣದಲ್ಲಿರುವಾಗ ಹಠವನ್ನು ಧೈರ್ಯವೆಂದು ಕರೆಯಲಾಗದು.

ಊರಿಗೆ ಬಂದ ಹುಡುಗನನ್ನು ಅನೇಕರು, "ಅರ್ಧಕ್ಕೇ ಬಂದೆಯಾ?" ಎಂದು ಕೇಳಿದರು. ಲೇಹ್ ಮುಟ್ಟಿದ್ದರೆ ಅವನಿಗೆ ಶಾಲು ಹೊದಿಸುತ್ತಿದ್ದರು. ನಮ್ಮ ಸಂಘಸಂಸ್ಥೆಗಳ ಹಿರಿಯರಲ್ಲಿ ನನ್ನ ವಿನಂತಿ ಇಷ್ಟೇ: ತರುಣರು ಸಾಹಸಯಾತ್ರೆಗೆ ನೆರವು ಕೇಳಿ ಬಂದಾಗ, ಎಷ್ಟು ದಿನದಲ್ಲಿ ಮುಗಿಸುವಿರಿ ಎಂದು ಕೇಳುವುದಕ್ಕೆ ಮೊದಲು, ಎಲ್ಲಿಂದ ಹಿಂದಿರುಗಬಲ್ಲಿರಿ ಎಂದು ಕೇಳೋಣ. ಹಿಂದಿರುಗಿ ಬಂದವರನ್ನೂ ಅದೇ ಆದರದಿಂದ ಬರಮಾಡಿಕೊಳ್ಳೋಣ.