ಹೇಳುವುದು ಬೇರೆ, ಒಪ್ಪಿಕೊಳ್ಳುವುದು ಬೇರೆ

ಧಾರವಾಡದಿಂದ ಬಂದು ಪುಣೆಯಲ್ಲಿ ನೆಲೆಸಿದ ಗೃಹಸ್ಥರೊಬ್ಬರು ತಮ್ಮ ಎಂಟು ವರ್ಷದ ಪೆಟ್ರೋಲ್ ಕಾರಿಗೆ ಸಿಎನ್‌ಜಿ ಕಿಟ್ ಹಾಕಿಸಿದರು. ಊರಿನಲ್ಲಿ ತಾಯಿ ಒಬ್ಬರೇ. ತಿಂಗಳಿಗೆರಡು ಸಲವಾದರೂ ಹೋಗಬೇಕು. ಒಂದು ಕಡೆಗೇ ನಾನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ಕಿಟ್ಟಿಗೆ 60,000 ರೂಪಾಯಿ. ಆರ್‌ಟಿಒ ಕೆಲಸವನ್ನು ಗ್ಯಾರೇಜಿನವರೇ ಮಾಡಿಸಿಕೊಟ್ಟರು. ಆರ್‌ಸಿಯಲ್ಲಿ ಪೆಟ್ರೋಲ್ ಪಕ್ಕ ಸಿಎನ್‌ಜಿ ಸೇರಿತು. ಎಲ್ಲ ಮುಗಿಯಿತು ಅನ್ನುವಾಗ ಹೆಂಡತಿ ಕೇಳಿದರು: “ಇನ್ಶೂರೆನ್ಸಿನವರಿಗೆ ಹೇಳೀರೇನ್ರಿ?”

“ಹೇಳಿದ್ರ ರೊಕ್ಕ ಕೇಳ್ತಾರ. ಅವರಾಗೇ ಕೇಳಿದಾಗ ಹೇಳಿದ್ರಾತು.”

ಇದು ಅವರೊಬ್ಬರ ಉತ್ತರವಲ್ಲ. ಕಾರಿನಲ್ಲಿ ಮಾಡಿಸಿದ ಬದಲಾವಣೆಯನ್ನು ವಿಮಾ ಕಂಪನಿಗೆ ತಿಳಿಸುವುದೆಂದರೆ ಏನೋ ತಪ್ಪು ಒಪ್ಪಿಕೊಂಡಂತೆ ಎಂಬ ಭಾವ ಹಲವರಲ್ಲಿದೆ. ಫಾರ್ಮುಗಳ ಭಾಷೆಯೂ ಇದಕ್ಕೆ ನೆರವಾಗಿದೆ. ಇಂಗ್ಲಿಷಿನ ಡಿಕ್ಲರೇಶನ್ ಕನ್ನಡಕ್ಕೆ ‘ಘೋಷಣೆ’ಯಾಗಿ ಬರುತ್ತದೆ. ಘೋಷಣೆ ಎಂದರೆ ಕಿವಿಗೆ ಬೀಳುವುದು ಮೆರವಣಿಗೆಯ ಕೂಗು. ಬೇಕಾದದ್ದು ಅಷ್ಟು ದೊಡ್ಡದೇನಲ್ಲ, ಬರೀ ತಿಳಿಸುವುದು.

ಅಂಗಡಿಯಲ್ಲಿ ಸರಕಿನ ಗುಣದೋಷ ಬಲ್ಲವನು ಮಾರುವವನು. ವಿಮೆಯಲ್ಲಿ ಇದು ತಿರುವುಮುರುವು. ಕಾರು ಇರುವುದು ಕೊಳ್ಳುವವನ ಮನೆಯ ಮುಂದೆ. ವಿಮೆ ಮಾರುವವನಿಗೆ ಕಾಣುವುದು ಕಾಗದ ಮಾತ್ರ. ಆದ್ದರಿಂದಲೇ ವಿಮಾ ಕಾನೂನು ಹೇಳುವ ಹೊಣೆಯನ್ನು ಕೊಳ್ಳುವವನ ಮೇಲೆ ಹೊರಿಸಿ, ಅದನ್ನು ಪರಮ ಸದ್ಭಾವದ ತತ್ವ ಎನ್ನುತ್ತದೆ. ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮು ಕೇಳುವುದು ಬೇರೆ: ಅನುಮತಿ ಪಡೆದು ಮಾಡಿಸಿದ ಬದಲಾವಣೆಯನ್ನು 14 ದಿನದೊಳಗೆ ಆರ್‌ಸಿಯಲ್ಲಿ ದಾಖಲಿಸಬೇಕು. ಆರ್‌ಸಿ ತಿದ್ದಿಸಿದ ಮಾತ್ರಕ್ಕೆ ಪಾಲಿಸಿ ತಿದ್ದಿದಂತಾಗುವುದಿಲ್ಲ. ಗ್ಯಾರೇಜು ಆರ್‌ಟಿಒವರೆಗೆ ಹೋಗಿ ನಿಲ್ಲುತ್ತದೆ. ಉಳಿದ ದಾರಿ ಮಾಲೀಕರದ್ದು.

ಹೆಂಡತಿ ವಾದಕ್ಕಿಳಿಯದೆ ಲೆಕ್ಕ ಕೇಳಿದರು. 2002ರ ಇಂಡಿಯಾ ಮೋಟಾರ್ ಟ್ಯಾರಿಫ್ ಪ್ರಕಾರ ಕಿಟ್ಟಿನ ಬೆಲೆಯ ಶೇ. 4, ಎಂದರೆ 2,400 ರೂಪಾಯಿ, ಮೂರನೆಯವರ ಹೊಣೆಗೆ 60 ರೂಪಾಯಿ, ಮೇಲೆ ಜಿಎಸ್‌ಟಿ. ಈಗ ಸ್ವಂತ ಹಾನಿಯ ದರ ಕಂಪನಿಗೊಂದು, ಆದರೂ ಅಂದಾಜಿಗೆ ಅದು ಸಾಕಾಯಿತು. ಇದರ ಎದುರಿಗೆ ಅವರು ಇಟ್ಟದ್ದು ಅದೇ ಸೊಸೈಟಿಯ ಇನ್ನೊಂದು ಮನೆಯ ಕಥೆ. ಹೆದ್ದಾರಿಯಲ್ಲಿ ಆ ಮನೆಯವರ ಕಾರಿನ ಬಾನೆಟ್ಟಿನೊಳಗೆ ಬೆಂಕಿ ಹತ್ತಿತ್ತು. ಜನ ಇಳಿದು ಬದುಕಿದರು. ಸರ್ವೇಯರ್ ಮೊದಲು ಫೋಟೊ ತೆಗೆದದ್ದು ಡಿಕ್ಕಿಯ ಸಿಲಿಂಡರಿನದು. ಪಾಲಿಸಿಯಲ್ಲಿದ್ದದ್ದು ಪೆಟ್ರೋಲ್ ಕಾರು. ಕ್ಲೇಮು ಬರಲಿಲ್ಲ, ಇಲ್ಲದ ಕಾರಿಗೆ ಸಾಲದ ಕಂತು ಮಾತ್ರ ಇನ್ನೂ ಹೋಗುತ್ತಿದೆ.

“ನಮ್ಮ ಕಾರಿಗೆ ಹಂಗಾದ್ರ ಅತ್ತಿ ಕಡೆ ಹೋಗೋದು ಹ್ಯಾಂಗ?” ಎಂದರು.

ಮರುದಿನವೇ ಅವರು ಕಂಪನಿಗೆ ಇಮೇಲ್ ಕಳಿಸಿದರು. ಜೊತೆಗೆ ತಿದ್ದಿದ ಆರ್‌ಸಿ, ಕಿಟ್ಟಿನ ಬಿಲ್ಲು, ಫಿಟ್‌ಮೆಂಟ್ ಸರ್ಟಿಫಿಕೇಟು. ಇನ್‌ಸ್ಪೆಕ್ಷನ್ ಆಯಿತು, ಹಣ ಕಟ್ಟಿದರು, ಎಂಡಾರ್ಸ್‌ಮೆಂಟ್ ಬಂತು. ಫೋನಿನಲ್ಲಿ ಏಜೆಂಟ್ “ಆಯ್ತು ಸಾರ್” ಅಂದದ್ದು ಲೆಕ್ಕಕ್ಕಿಲ್ಲ. ಬರಹದಲ್ಲಿ ಬಂದದ್ದೇ ಲೆಕ್ಕ.

ಹೇಳಿದರೆ ಖರ್ಚೇ ಎಂಬುದೂ ಪೂರ್ತಿ ನಿಜವಲ್ಲ. ಅಂಗವಿಕಲರ ಬಳಕೆಗೆಂದು ಮಾರ್ಪಡಿಸಿ, ಆರ್‌ಸಿಯಲ್ಲಿ ದಾಖಲಿಸಿದ ವಾಹನಕ್ಕೆ ಅದೇ ಟ್ಯಾರಿಫ್ ಸ್ವಂತ ಹಾನಿಯ ಪ್ರೀಮಿಯಂನಲ್ಲಿ ಶೇ. 50 ರಿಯಾಯಿತಿ ಕೊಟ್ಟಿತ್ತು. ಕಾಲಿನ ಬದಲು ಕೈಯಲ್ಲಿ ಬ್ರೇಕು ಹಿಡಿಯುವವರು ಸುಮ್ಮನಿದ್ದರೆ ಕಳೆದುಕೊಳ್ಳುವುದು ತಮ್ಮದೇ ದುಡ್ಡು.

ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್, ಅಲಾಯ್ ಚಕ್ರ, ಬದಲಾದ ಬಣ್ಣ, ಇವೂ ಹೇಳಬೇಕಾದವೇ. ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರಂತೂ ಡಿಕ್ಕಿ ತೆರೆದು ನೋಡಬೇಕು, ಆಮೇಲೆ ಪಾಲಿಸಿ ತೆರೆದು ನೋಡಬೇಕು. ಹಿಂದಿನ ಮಾಲೀಕರು ಹಾಕಿಸಿ ಹೇಳದೆ ಬಿಟ್ಟದ್ದನ್ನು ಹೇಳುವ ಕೆಲಸ ಈಗ ಹೊಸಬರದ್ದು.